ಒಕೊಚಾ ಕ್ಲಿಪ್ ಕತ್ತರಿಸುವಾಗ ಬಿಟ್ಟುಹೋಗುವುದು

ಕ್ರೀಡಾ ವಿಡಿಯೋ ಎಡಿಟ್ ಮಾಡುವುದು ನನ್ನ ಕೆಲಸ. ಹಳೇ ಪಂದ್ಯಗಳಿಂದ ಹತ್ತು-ಹದಿನೈದು ಸೆಕೆಂಡಿನ ತುಣುಕು ತೆಗೆದು ಮೊಬೈಲಿಗೆ ಹೊಂದಿಸಿ ಕೊಡುತ್ತೇನೆ. ಇದರಲ್ಲಿ ನನಗೆ ಪದೇ ಪದೇ ಸಿಗುವ ಹೆಸರು ನೈಜೀರಿಯಾದ ಫುಟ್‌ಬಾಲ್ ಆಟಗಾರ ಜೇ-ಜೇ ಒಕೊಚಾ. ಅವರು ಆಟ ಬಿಟ್ಟಿದ್ದು 2008ರಲ್ಲಿ. ಆಗ ಹುಟ್ಟಿಯೇ ಇರದ ಹುಡುಗರೂ ಇವತ್ತು ಅವರ ವಿಡಿಯೋ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಯಾಕೆ?

ಒಕೊಚಾ ಆಟ ನೋಡೋದಕ್ಕೆ ಕಾಮೆಂಟರಿ ಬೇಡ, ಸ್ಕೋರ್ ಕೂಡ ಬೇಡ. ಬಸ್ಸಿನಲ್ಲಿ ಸೌಂಡ್ ಆಫ್ ಮಾಡಿಕೊಂಡು ನೋಡಿದರೂ ಅರ್ಥವಾಗುತ್ತದೆ. 1993ರ ಆಗಸ್ಟ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ತಂಡದ ಪರ ಕಾರ್ಲ್ಸ್‌ರೂಹ ತಂಡದ ವಿರುದ್ಧ ಹೊಡೆದ ಗೋಲನ್ನೇ ತೆಗೆದುಕೊಳ್ಳಿ. ಎದುರಿಗೆ ಗೋಲ್‌ಕೀಪರ್ ಓಲಿವರ್ ಕಾನ್. ಒಕೊಚಾ ಹೊಡೆಯುವ ಹಾಗೆ ಕಾಲೆತ್ತುತ್ತಾರೆ, ಹೊಡೆಯಲ್ಲ. ಕಾನ್ ಬೀಳುತ್ತಾರೆ. ಒಕೊಚಾ ಮತ್ತೆ ತಿರುಗುತ್ತಾರೆ, ಮತ್ತೆ ಸುಳ್ಳು ಹೊಡೆತ, ಅಷ್ಟರಲ್ಲಿ ಡಿಫೆಂಡರ್‌ಗಳು ಓಡಿಬಂದು ಅವರೂ ಜಾರಿಹೋಗುತ್ತಾರೆ, ಕಾನ್ ಎದ್ದು ಮತ್ತೆ ಹಾರುತ್ತಾರೆ, ಆಮೇಲಷ್ಟೇ ಚೆಂಡು ಬಲೆಗೆ. ಫ್ರೇಮ್ ಫ್ರೇಮ್ ನಿಲ್ಲಿಸಿ ನೋಡಿದಾಗ ನನಗೆ ಕಂಡಿದ್ದು ಒಕೊಚಾ ತಾಳ್ಮೆ. ಆ ಜಾಗದಲ್ಲಿ ಬೇರೆಯವರಾಗಿದ್ದರೆ ಮೊದಲ ಅವಕಾಶಕ್ಕೇ ಹೊಡೆದುಬಿಡುತ್ತಿದ್ದರು. ಜರ್ಮನಿಯಲ್ಲಿ ಆ ವರ್ಷದ ಗೋಲ್ ಅಂತ ಆಯ್ಕೆಯಾಗಿದ್ದೂ ಅದೇ.

ಇನ್ನೊಂದು ಕಾರಣ ಹೊರಗಿನವರಿಗೆ ಹೊಳೆಯಲ್ಲ. ಆಗಿನ ಟಿವಿ ಚಿತ್ರದ ಅಗಲ-ಎತ್ತರದ ಅನುಪಾತ 4:3. ಮೊಬೈಲಿನ ಉದ್ದುದ್ದ ಪರದೆ 9:16. ಹಳೇ ಚಿತ್ರವನ್ನು ಅದಕ್ಕೆ ಕತ್ತರಿಸಿದರೆ ಅಗಲದಲ್ಲಿ ಸುಮಾರು 42% ಉಳಿಯುತ್ತದೆ, ಈಗಿನ 16:9 ಚಿತ್ರವಾದರೆ ಬರೀ 32%. ಒಕೊಚಾ ಆಟವೋ ಪುಟ್ಟ ಜಾಗದ್ದು. ಚೆಂಡು, ಅವರು, ಮೋಸಹೋದವರು, ಮೂರೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ಉದ್ದ ಪಾಸ್ ಕೊಡುವ ಆಟಗಾರರ ತುಣುಕು ಮಾಡಿ ನೋಡಿ, ಕಷ್ಟ ಗೊತ್ತಾಗುತ್ತದೆ.

ಆದರೆ ಈ ತುಣುಕುಗಳಿಂದ ಅವರಿಗೊಂದು ಅನ್ಯಾಯವೂ ಆಗಿದೆ. ಇಂಗ್ಲೆಂಡಿನ ಆರ್ಸೆನಲ್ ತಂಡದ ರೇ ಪಾರ್ಲರ್ ತಲೆ ಮೇಲಿಂದ ಹಿಮ್ಮಡಿಯಲ್ಲಿ ಚೆಂಡು ಹಾರಿಸಿದ್ದು ಎಲ್ಲರಿಗೂ ಗೊತ್ತು. ಅದನ್ನೇ ನೋಡಿ ನೋಡಿ ಜನ ಅವರನ್ನು ಸುಮ್ನೆ ಚಮತ್ಕಾರ ತೋರಿಸುವವರು ಅಂದುಕೊಳ್ಳುತ್ತಾರೆ. ಅದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

2003ರ ಏಪ್ರಿಲ್, ಒಕೊಚಾ ಆಗ ಆಡುತ್ತಿದ್ದ ಬೋಲ್ಟನ್ ವಿರುದ್ಧ ವೆಸ್ಟ್ ಹ್ಯಾಮ್. ಎರಡೂ ತಂಡ ಇಂಗ್ಲೆಂಡಿನ ಅತಿ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬೀಳುವ ಭಯದಲ್ಲಿದ್ದವು; ಕೊನೆಯ ಮೂರು ತಂಡಗಳು ಕೆಳಗಿನ ಲೀಗ್‌ಗೆ ಹೋಗುತ್ತವೆ. ಒಕೊಚಾ ತಮ್ಮ ಅರ್ಧದಿಂದಲೇ ಚೆಂಡು ತೆಗೆದುಕೊಂಡು ಓಡಿ, ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿನ ಹತ್ತಿರ ಬಂದು ಬಾರಿಸಿದರು. ಬೋಲ್ಟನ್ 1-0ರಿಂದ ಗೆದ್ದಿತು. ಸೀಸನ್ ಮುಗಿದಾಗ ಬೋಲ್ಟನ್ 44 ಅಂಕ, 17ನೇ ಸ್ಥಾನ. ವೆಸ್ಟ್ ಹ್ಯಾಮ್ 42, 18ನೇ ಸ್ಥಾನ, ಅಂದರೆ ಕೆಳಗಿನ ಲೀಗ್‌ಗೆ. ಗೆದ್ದರೆ 3 ಅಂಕ, ಡ್ರಾ ಆದರೆ ಇಬ್ಬರಿಗೂ ಒಂದೊಂದು. ಆ ಗೋಲ್ ಇಲ್ಲದೆ ಪಂದ್ಯ ಡ್ರಾ ಆಗಿದ್ದರೆ ಬೋಲ್ಟನ್‌ಗೆ 42, ವೆಸ್ಟ್ ಹ್ಯಾಮ್‌ಗೆ 43. ಉಲ್ಟಾ ಆಗುತ್ತಿತ್ತು ಅಲ್ವಾ?

ಮೊದಲು ನಾನೂ ಇದನ್ನು ಕೊನೆಯ ಹೊಡೆತದಿಂದ ಕತ್ತರಿಸಿದ್ದೆ. ಜಾಸ್ತಿ ಜನ ನೋಡಲಿಲ್ಲ, ಹೊಡೆತ ಮಾತ್ರ ನೋಡಿದರೆ ಅದು ಇನ್ನೊಂದು ಗೋಲ್ ಅಷ್ಟೇ. ಈಗ ಓಟದ ಶುರುವಿನಿಂದ ಇಡುತ್ತೇನೆ. ಕೊನೆಗೆ ಎರಡು ಸೆಕೆಂಡು ಆ ಅಂಕಪಟ್ಟಿ ಹಾಕುತ್ತೇನೆ, 17 ಮತ್ತು 18ನೇ ಸಾಲು ಮಾತ್ರ.