ಐವಿ ಬಳ್ಳಿ ಎಳೆಯುವ ಮುಂಚೆ ಬುಡ ನೋಡಿ
ಗೋಡೆ ತುಂಬ ಹಬ್ಬಿದ ಐವಿ ತೆಗೆಯಲು ಯಾರಾದರೂ ಕರೆದರೆ, ನಾನು ಮೊದಲು ನೋಡುವುದು ಬಳ್ಳಿಯನ್ನಲ್ಲ, ಗೋಡೆಯನ್ನು. ಅಲ್ಲಲ್ಲಿ ಗಾರೆ ಕಿತ್ತುಬಂದು ಇಟ್ಟಿಗೆ ಕಾಣುತ್ತಿದ್ದರೆ, ಮನೆಯವರು ಆಗಲೇ ಒಂದು ಕೈ ನೋಡಿದ್ದಾರೆ ಎಂದೇ ಲೆಕ್ಕ.

ಬೈಯುವಂಥದ್ದೇನೂ ಅಲ್ಲ. ಬಳ್ಳಿ ಅಂದಮೇಲೆ ಎಳೆದರೆ ಬರಬೇಕು ಅಲ್ವಾ? ಸುತ್ತಿಕೊಂಡು ಹತ್ತುವ ಬಳ್ಳಿಗಳು ಬರುತ್ತವೆ. ಐವಿ ಬರುವುದಿಲ್ಲ. ಅದರ ಕಾಂಡದಿಂದ ಕುಂಚದ ಎಳೆಯಂಥ ಪುಟ್ಟ ಬೇರುಗಳು ಹೊರಟು, ಒಂದು ಬಗೆಯ ಅಂಟು ಬಿಟ್ಟು, ಗೋಡೆಯ ಸಣ್ಣ ಸಣ್ಣ ಸಂದಿಗೂ ಕಚ್ಚಿಕೊಳ್ಳುತ್ತವೆ. ಹಸಿ ಬಳ್ಳಿಯನ್ನು ಜಗ್ಗಿದರೆ ಗಾರೆಯೂ ಜೊತೆಗೇ ಬರುತ್ತದೆ.

ಹಾಗಾಗಿ ಮೊದಲು ಬುಡ ಕತ್ತರಿಸಿ, ಆಮೇಲೆ ಸುಮ್ನೆ ಬಿಟ್ಟುಬಿಡಿ. ನೆಲದಿಂದ ಮೊಣಕಾಲೆತ್ತರದಲ್ಲಿ ಒಂದು ಕಡೆ, ಅದರ ಮೇಲೆ ಒಂದು ಗೇಣು ಬಿಟ್ಟು ಇನ್ನೊಂದು ಕಡೆ ಕೊಯ್ದು, ನಡುವಿನ ತುಂಡನ್ನು ತೆಗೆದುಬಿಡಬೇಕು. ಅಂತರ ಕಣ್ಣಿಗೆ ಕಾಣುವಂತಿದ್ದರೆ ಯಾವ ಕಾಂಡ ತಪ್ಪಿಹೋಗಿದೆ ಎಂದು ಗೊತ್ತಾಗುತ್ತದೆ. ಒಂದೇ ಒಂದು ಉಳಿದರೂ ಮೇಲಿನ ಅಷ್ಟಗಲ ಹಸಿರಾಗಿಯೇ ಇರುತ್ತದೆ. ಎಲೆ ದಪ್ಪ, ಮೇಣ ಬಳಿದ ಹಾಗಿರುವುದರಿಂದ ಬಾಡಲು ವಾರಗಟ್ಟಲೆ ಬೇಕು. ಪೂರ್ತಿ ಒಣಗಿದ ಮೇಲೆ ಮೇಲಿನಿಂದ ಕೆಳಕ್ಕೆ, ಸ್ವಲ್ಪ ಸ್ವಲ್ಪವೇ ಬಿಡಿಸಿ. ಮುಂಚೆ ಒಳಗೆ ಹಕ್ಕಿ ಗೂಡಿದೆಯಾ ನೋಡಿ. ಇದ್ದರೆ ಮರಿಗಳು ಹಾರಿಹೋಗುವ ತನಕ ಕಾಯಿರಿ.

ಮರಕ್ಕೂ ಇದೇ ಕ್ರಮ. ಐವಿ ಮರದ ರಸ ಹೀರುವುದಿಲ್ಲ, ಅದಕ್ಕೆ ನೆಲದಲ್ಲಿ ತನ್ನದೇ ಬೇರಿದೆ. ತೊಂದರೆ ಇರುವುದು ಭಾರದಲ್ಲಿ, ಜೋರು ಗಾಳಿಗೆ ಹಾಯಿಯಂತೆ ಉಬ್ಬುವ ಆ ಎಲೆರಾಶಿಯಲ್ಲಿ. ಮರದ ಸುತ್ತ ಕೊಯ್ಯುವಾಗ ಗರಗಸ ತೊಗಟೆಗೆ ಇಳಿದರೆ, ಐವಿ ಮಾಡದ ಹಾನಿಯನ್ನು ನಾವೇ ಮಾಡಿದಂತೆ. ಮಣಿಕಟ್ಟಿನಷ್ಟು ದಪ್ಪದ ಕಾಂಡವಾದರೆ ಮುಕ್ಕಾಲು ಪಾಲು ಗರಗಸದಲ್ಲಿ ಕೊಯ್ದು, ಉಳಿದದ್ದನ್ನು ಉಳಿಯಿಂದ ಸೀಳುತ್ತೇನೆ.

ನೆಲದ ಮೇಲೆ ಹರಡಿದ್ದು ಮಳೆ ಬಂದ ಮರುದಿನ ಸುಲಭ. ಒಂದು ಅಂಚಿನಿಂದ ಬೇರು ಎಬ್ಬಿಸುತ್ತಾ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಹೋಗಬಹುದು. ಬುಡದ ಬೇರನ್ನಂತೂ ಗುದ್ದಲಿ ಹಾಕಿಯೇ ಕೀಳಬೇಕು. ಕಳೆನಾಶಕ ಸಿಂಪಡಿಸೋಣವೇ ಎಂದು ಎಲ್ಲರೂ ಕೇಳುತ್ತಾರೆ. ಆ ಮೇಣದ ಎಲೆಯ ಮೇಲೆ ಔಷಧಿ ನಿಲ್ಲದೆ ಜಾರಿಹೋಗುತ್ತದೆ, ಪಕ್ಕದ ಗಿಡಗಳಿಗೇ ಜಾಸ್ತಿ ಪೆಟ್ಟು. ಅಗೆಯಲು ಆಗದ ಜಾಗದಲ್ಲಿ ಮಾತ್ರ, ಲೇಬಲ್ ಓದಿಕೊಂಡು, ಆಗಷ್ಟೇ ಕೊಯ್ದ ಬುಡಕ್ಕೆ ಬ್ರಷ್‌ನಲ್ಲಿ ಹಚ್ಚುತ್ತೇನೆ.

ಕೈಗವಸು ಕಡ್ಡಾಯ. ಐವಿಯ ರಸದಲ್ಲಿ ಫಾಲ್ಕರಿನಾಲ್ ಎಂಬ ಅಂಶವಿದೆ, ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ. ನನಗೂ ಆಗುವುದಿಲ್ಲ ಎಂದು ತಿಳಿದದ್ದು ಒಮ್ಮೆ ತೋಳು ಮಡಚಿಕೊಂಡು ಕೆಲಸ ಮಾಡಿದಾಗ. ಎರಡು ದಿನದ ಮೇಲೆ, ಕೈಗವಸು ಮುಗಿದು ಅಂಗಿ ಶುರುವಾಗುವ ನಡುವಿನ ಜಾಗದಲ್ಲಿ ಬಳೆ ತೊಟ್ಟ ಹಾಗೆ ಕೆಂಪು ಗುಳ್ಳೆಗಳು! ಒಣ ಬಳ್ಳಿ ಕೆಡಹುವಾಗ ಧೂಳೂ ಜಾಸ್ತಿ, ಮಾಸ್ಕ್ ಹಾಕಿಕೊಳ್ಳಿ.

ಇನ್ನು ಕಿತ್ತದ್ದನ್ನು ಎಲ್ಲಿ ಹಾಕುವುದು? ಹೆಚ್ಚಿನವರು ಎಡವುವುದು ಇಲ್ಲಿ. ಕೆಲಸ ಕಲಿಯುವ ದಿನಗಳಲ್ಲಿ ನಾನು ಹಸಿ ಬಳ್ಳಿಯನ್ನೆಲ್ಲ ಶೆಡ್‌ನ ಹಿಂದೆ, ನೆರಳಿನಲ್ಲಿ ಗುಡ್ಡೆ ಹಾಕಿ ಮರೆತಿದ್ದೆ. ಎರಡು ತಿಂಗಳ ಮೇಲೆ ಎತ್ತಲು ಹೋದರೆ ಗುಡ್ಡೆ ಅಲುಗಲಿಲ್ಲ. ಅಡಿಯ ಗೆಣ್ಣುಗಳೆಲ್ಲ ಬೇರು ಬಿಟ್ಟು ನೆಲ ಹಿಡಿದಿದ್ದವು. ತೆಗೆದದ್ದನ್ನೇ ಮತ್ತೆ ತೆಗೆಯಬೇಕಾಯಿತು.

ಈಗ ಕಾಂಕ್ರೀಟ್ ಮೇಲೋ ಟಾರ್ಪಾಲ್ ಮೇಲೋ ಬಿಸಿಲಿಗೆ ಹರಡುತ್ತೇನೆ. ಕಾಂಡ ಬಗ್ಗಿಸಿದರೆ ಲಟಕ್ಕನೆ ಮುರಿಯಬೇಕು, ಅಲ್ಲಿಯವರೆಗೆ ಮಣ್ಣು ತಾಗಿಸುವುದಿಲ್ಲ. ಬರೀ ಎಲೆಯನ್ನು ಧಾರಾಳವಾಗಿ ಗೊಬ್ಬರದ ಗುಂಡಿಗೆ ಹಾಕಬಹುದು. ಕಾಂಡವನ್ನು ಒಣಗಿಸಿ, ತುಂಡು ಮಾಡಿ ಹಾಕಬೇಕು. ಕಪ್ಪು ಕಾಯಿಗಳ ಗೊಂಚಲಿದ್ದರೆ ಅದು ಬೇಡ. ಆ ಬೀಜಗಳನ್ನು ಹಕ್ಕಿಗಳು ಆಗಲೇ ಸಾಕಷ್ಟು ಹಂಚುತ್ತಿವೆ. ಅವನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಕಸದವರಿಗೆ ಕೊಡಿ. ಮಕ್ಕಳ ಕೈಗಂತೂ ಸಿಗಬಾರದು, ಕಾಯಿ ವಿಷ. ಖಾಲಿ ಜಾಗಕ್ಕೋ ಕಾಡಂಚಿಗೋ ಎಸೆದರೆ ಅಲ್ಲೇ ಹಬ್ಬಿಕೊಳ್ಳುತ್ತದೆ.

ಸುಡುವ ಮುಂಚೆ ಒಂದು ಮಾತು. ಅಮೆರಿಕದಲ್ಲಿ ಪಾಯ್ಸನ್ ಐವಿ ಎಂಬ ಗಿಡವಿದೆ. ಹೆಸರು ಒಂದೇ, ಕುಲ ಬೇರೆ. ಅದಕ್ಕೆ ಒಂದು ತೊಟ್ಟಿನಲ್ಲಿ ಮೂರು ಬಿಡಿ ಎಲೆಗಳು. ಅದರ ಹೊಗೆ ಶ್ವಾಸಕೋಶವನ್ನೇ ಕೆಡಿಸುತ್ತದೆ, ಅದನ್ನು ಯಾವತ್ತೂ ಸುಡಬಾರದು. ನಿಮ್ಮದು ಯಾವುದೆಂದು ಖಾತ್ರಿಯಿಲ್ಲದಿದ್ದರೆ ಬೆಂಕಿಯ ಯೋಚನೆ ಬಿಡಿ.

ಬಳ್ಳಿ ಹೋದರೂ ಗೋಡೆಯ ಮೇಲೆ ಜರಿಹುಳು ಹರಿದಂಥ ಕಂದು ಗೆರೆಗಳು ಉಳಿಯುತ್ತವೆ. ಅವು ಆ ಅಂಟುಬೇರುಗಳೇ. ನೀರಿಗೆ ಬಿಡುವುದಿಲ್ಲ. ಗಟ್ಟಿ ಬ್ರಷ್‌ನಲ್ಲಿ ಒಣದಾಗಿಯೇ ಉಜ್ಜಿ, ಜಗ್ಗದ ಕಡೆ ಸ್ಕ್ರೇಪರ್ ಹಿಡಿಯಿರಿ. ಹಾಗೇ ಬಣ್ಣ ಬಳಿದರೆ ಒಂದೊಂದು ಗೆರೆಯೂ ಬಣ್ಣದ ಅಡಿಯಿಂದ ಎದ್ದು ಕಾಣುತ್ತದೆ.