ಮಾಲಿನಲ್ಲಿ ದೋಷವಿದ್ದರೆ ಕರಾರೇ ರದ್ದಾಗಬೇಕಾ?

ಪೀಣ್ಯದ ಕಾರ್ಖಾನೆಯೊಂದು ಜರ್ಮನಿಗೆ ಯಂತ್ರದ ಬಿಡಿಭಾಗ ಕಳಿಸಿದೆ ಅಂದುಕೊಳ್ಳಿ. ಕಂಟೇನರ್ ತೆರೆದಾಗ ಕೆಲವು ಪೀಸ್ ಅಳತೆಗೆ ಹೊಂದುತ್ತಿಲ್ಲ. ಅಷ್ಟಕ್ಕೇ ಖರೀದಿದಾರ ಇಡೀ ಆರ್ಡರ್ ಕ್ಯಾನ್ಸಲ್ ಮಾಡಬಹುದಾ?

ಹಳೆಯ ಇಂಗ್ಲಿಷ್ ಕಾನೂನು ಈ ವಿಷಯದಲ್ಲಿ ಬಹಳ ಬಿಗಿಯಾಗಿತ್ತು. 1933ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಆರ್ಕೋಸ್ ಪ್ರಕರಣ ನೋಡಿ. ಸಿಮೆಂಟ್ ಪೀಪಾಯಿಗೆಂದು ಅರ್ಧ ಇಂಚು ದಪ್ಪದ ಮರದ ಪಟ್ಟಿಗಳಿಗೆ ಆರ್ಡರ್ ಆಗಿತ್ತು. ಬಂದವುಗಳಲ್ಲಿ ಹೆಚ್ಚಿನವು ಅದಕ್ಕಿಂತ ಸ್ವಲ್ಪವೇ ದಪ್ಪ. ಪೀಪಾಯಿ ಮಾಡಲು ಅವುಗಳಿಂದ ಯಾವ ತೊಂದರೆಯೂ ಇರಲಿಲ್ಲ. ಆದರೆ ಅಷ್ಟರಲ್ಲಿ ಮರದ ದರ ಇಳಿದಿತ್ತು, ಖರೀದಿದಾರರಿಗೆ ತಪ್ಪಿಸಿಕೊಳ್ಳಲು ಒಂದು ನೆಪ ಬೇಕಿತ್ತು. ಆದರೂ ಗೆದ್ದದ್ದು ಅವರೇ! ಇದು ನನಗೆ ಅನ್ಯಾಯ ಅಂತಲೇ ಅನ್ನಿಸುತ್ತದೆ. ನಮ್ಮ 1930ರ ಸರಕು ಮಾರಾಟ ಕಾಯ್ದೆ ಬಂದದ್ದೂ ಅದೇ ಇಂಗ್ಲಿಷ್ ಕಾನೂನಿನ ಜಾಡಿನಲ್ಲಿ.

ದೇಶದೇಶಗಳ ನಡುವಿನ ಮಾರಾಟಕ್ಕೆ ಒಂದೇ ಕಾನೂನು ಬೇಕು ಅನ್ನುವ ಕೆಲಸ ಶುರುವಾದದ್ದು ಅದೇ ಕಾಲದಲ್ಲಿ, ಯುರೋಪಿನಲ್ಲಿ. 1964ರಲ್ಲಿ ಹೇಗ್ ನಗರದಲ್ಲಿ ಮೊದಲ ಒಪ್ಪಂದವಾಯಿತು. 'ಹೀಗಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ವಿವೇಕಿಯಾದವನು ಈ ಕರಾರು ಮಾಡಿಕೊಳ್ಳುತ್ತಿದ್ದನಾ?' ಅನ್ನುವುದು ಕರಾರು ರದ್ದು ಮಾಡಲು ಅದರ ಅಳತೆಗೋಲು. ಅದನ್ನು ಒಪ್ಪಿದ್ದು ಕೆಲವೇ ದೇಶಗಳು.

ಮುಂದೆ 1980ರಲ್ಲಿ ವಿಯೆನ್ನಾದಲ್ಲಿ 62 ದೇಶಗಳು ಕೂತು ಹೊಸ ಒಪ್ಪಂದ ರೂಪಿಸಿದವು. ಅದು ಜಾರಿಗೆ ಬಂದದ್ದು 1988ರ ಜನವರಿ 1ರಂದು. ಅದರ 25ನೇ ವಿಧಿ ಪ್ರಶ್ನೆಯನ್ನೇ ಬದಲಿಸಿತು. ಕರಾರಿನಿಂದ ಏನು ಸಿಗಬೇಕಿತ್ತೋ ಅದರ ಮುಖ್ಯ ಪಾಲೇ ಕೈತಪ್ಪಿದರೆ ಮಾತ್ರ ಅದು ಗಂಭೀರ ಉಲ್ಲಂಘನೆ, ದೋಷದ ಮಾಲಿಗೆ ಕರಾರು ರದ್ದು ಮಾಡಲು ಅಂಥ ಉಲ್ಲಂಘನೆಯೇ ಬೇಕು. ಅಂಥ ಪರಿಣಾಮ ತಪ್ಪು ಮಾಡಿದವನಿಗಾಗಲಿ, ಅವನ ಜಾಗದಲ್ಲಿರುವ ವಿವೇಕಿಗಾಗಲಿ ಊಹೆಗೆ ನಿಲುಕದ್ದಾಗಿದ್ದರೆ ಆಗಲೂ ಅಲ್ಲ. ಸಮುದ್ರ ದಾಟಿ ಹೋದ ಮಾಲನ್ನು ಸಣ್ಣಪುಟ್ಟ ದೋಷಕ್ಕೆ ವಾಪಸ್ ತರಿಸಿದರೆ ಸಾಗಣೆ ಖರ್ಚೇ ಮಾರಿದವನನ್ನು ಮುಳುಗಿಸುತ್ತದೆ, ಅಲ್ವಾ? ಹಾಗಾಗಿ ಕರಾರು ಮುರಿಯುವುದನ್ನು ಕೊನೆಯ ದಾರಿಯಾಗಿ ಇಟ್ಟರು.

ನ್ಯಾಯಾಲಯಗಳೂ ಹಾಗೇ ನಡೆದವು. 1996ರಲ್ಲಿ ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯದ ಮುಂದೆ ಕೋಬಾಲ್ಟ್ ಸಲ್ಫೇಟ್ ಪ್ರಕರಣವೊಂದು ಬಂತು. ಇಂಗ್ಲೆಂಡಿನದು ಅಂತ ಕೊಟ್ಟ ಮಾತು ತಪ್ಪಿ ದಕ್ಷಿಣ ಆಫ್ರಿಕಾದ ಮಾಲು ಬಂದಿತ್ತು. ಆದರೂ ಅದನ್ನು ಬೇರೆ ಕಡೆ ಮಾರಲಾಗದು ಅಂತ ಖರೀದಿದಾರ ತೋರಿಸಲಿಲ್ಲ. ಕರಾರು ಉಳಿಯಿತು. ಇಟಲಿಯಲ್ಲಿ ಆದದ್ದು ಬೇರೆ. ಕ್ರಿಸ್‌ಮಸ್ ಮಾರಾಟಕ್ಕೆ ಬೇಕಿದ್ದ ಹೆಣಿಗೆಯ ಉಡುಪು ದಿನಕ್ಕೆ ಸರಿಯಾಗಿ ಬರಲಿಲ್ಲ. 1998ರಲ್ಲಿ ಮಿಲಾನ್ ನ್ಯಾಯಾಲಯ ಆ ವಿಳಂಬವನ್ನೇ ಗಂಭೀರ ಅಂದಿತು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನವರು ಇದನ್ನು ಮರೆಯಬಾರದು.

ಭಾರತ ಈ ಒಪ್ಪಂದವನ್ನು ಇನ್ನೂ ಸೇರಿಲ್ಲ. ಹಾಗಂತ ನಮಗೆ ಸಂಬಂಧವಿಲ್ಲ ಅಂತಲ್ಲ. ಕರಾರಿನಲ್ಲಿ ಸುಮ್ನೆ 'ಜರ್ಮನ್ ಕಾನೂನು ಅನ್ವಯ' ಅಂತ ಬರೆದರೂ ಸಾಮಾನ್ಯವಾಗಿ ವಿಯೆನ್ನಾ ನಿಯಮಗಳೇ ಬರುತ್ತವೆ, ಏಕೆಂದರೆ ಅವು ಜರ್ಮನ್ ಕಾನೂನಿನ ಭಾಗ. ಬೇಡವೆಂದರೆ 6ನೇ ವಿಧಿಯ ಪ್ರಕಾರ ಅವನ್ನು ಹೊರಗಿಡಬಹುದು, ಅದನ್ನು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು. ಆದರೆ ನನ್ನ ಅಭಿಪ್ರಾಯದಲ್ಲಿ ಸಣ್ಣ ರಫ್ತುದಾರರು ಆ ಆತುರ ಮಾಡಬಾರದು. ಪೀಣ್ಯದ ಆ ಕೆಲವು ಪೀಸ್‌ಗಳಿಗೆ ಖರೀದಿದಾರ ಬೆಲೆ ಕಡಿತ ಕೇಳಬಹುದು, ನಷ್ಟ ಪರಿಹಾರವನ್ನೂ ಕೇಳಬಹುದು. ಉಳಿದ ಮಾಲು ಅವನ ಕೆಲಸಕ್ಕೆ ಬರುವಂತಿದ್ದರೆ, ಇಡೀ ಕಂಟೇನರ್ ವಾಪಸ್ ಕಳಿಸುವುದು ಅವನಿಗೆ ಸುಲಭವಿಲ್ಲ.