ಟೆಸ್ಟೇ ಇಲ್ಲದ ಹಳೇ ಪ್ರಾಜೆಕ್ಟ್‌ಗೆ ಸಿಐ ಹಾಕಬಹುದಾ?

ಪ್ರಶ್ನೆ: ನಮ್ಮದು ಏಳೆಂಟು ವರ್ಷದ ಹಳೇ ಪ್ರಾಜೆಕ್ಟ್. ಟೆಸ್ಟ್ ಒಂದೂ ಇಲ್ಲ. ಬಿಲ್ಡ್ (ಕೋಡನ್ನು ಓಡಿಸಬಹುದಾದ ಪ್ರೋಗ್ರಾಂ ಆಗಿಸುವುದು) ಆಗುವುದು ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಮೊದಲು ಟೆಸ್ಟ್ ಬರೆದು ಆಮೇಲೆ ಸಿಐ (ಕಂಟಿನ್ಯುಅಸ್ ಇಂಟಿಗ್ರೇಷನ್, ಅಂದರೆ ಕೋಡ್ ಬದಲಾದಾಗಲೆಲ್ಲ ತಾನಾಗಿಯೇ ಪರೀಕ್ಷಿಸುವ ವ್ಯವಸ್ಥೆ) ಹಾಕಬೇಕಾ?

ಉತ್ತರ: ಬೇಡ. ಟೆಸ್ಟ್ ಬರೆದು ಮುಗಿಯಲಿ ಅಂತ ಕಾಯುತ್ತಾ ಕೂತರೆ ಸಿಐ ಬರುವುದೇ ಇಲ್ಲ. ನಿಮ್ಮ ಪ್ರಶ್ನೆಯಲ್ಲಿ ನನಗೆ ಭಯ ಹುಟ್ಟಿಸಿದ್ದು ಆ ಒಬ್ಬರ ಲ್ಯಾಪ್‌ಟಾಪ್. ಅವರು ರಜೆ ಹಾಕಿದರೆ ರಿಲೀಸ್‌ಗೂ ರಜೆ, ಅಲ್ವಾ?

ಸಿಐ ಮಾಡುವ ಕೆಲಸ ಇಷ್ಟೇ. ಯಾರಾದರೂ ಕೋಡ್ ಪುಶ್ ಮಾಡಿದಾಗಲೆಲ್ಲ ಬೇರೊಂದು ಮೆಶೀನ್ ಆ ಕೋಡ್ ಇಳಿಸಿಕೊಂಡು ನೀವು ಬರೆದಿಟ್ಟ ಕಮಾಂಡ್‌ಗಳನ್ನು ಓಡಿಸುತ್ತದೆ. ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ) ಸೊನ್ನೆ ಬಂದರೆ ಹಸಿರು, ಬೇರೇನು ಬಂದರೂ ಕೆಂಪು. ಗಿಟ್‌ಹಬ್ ಆಕ್ಷನ್ಸ್, ಗಿಟ್‌ಲ್ಯಾಬ್, ಜೆಂಕಿನ್ಸ್, ಈ ಸಿಐ ಟೂಲ್‌ಗಳಲ್ಲಿ ಯಾವುದಾದರೂ ಸರಿ. ಕೋಡ್ ಎಲ್ಲಿದೆಯೋ ಅಲ್ಲಿಯದನ್ನೇ ಬಳಸಿ. ಜೆಂಕಿನ್ಸ್ ಆದರೆ ಸರ್ವರ್ ಸಾಕುವ ಕೆಲಸವೂ ನಿಮ್ಮ ತಲೆಗೇ.

ಮೊದಲು ಒಂದು ಹೊಸ ಮೆಶೀನ್‌ನಲ್ಲೋ ಖಾಲಿ ಡಾಕರ್ ಕಂಟೇನರ್‌ನಲ್ಲೋ (ಮೆಶೀನ್ ಒಳಗೇ ಪ್ರತ್ಯೇಕವಾಗಿ ಓಡುವ ಪುಟ್ಟ ಪರಿಸರ) ಕೋಡ್ ಕ್ಲೋನ್ ಮಾಡಿ, ಬಿಲ್ಡ್ ಮಾಡಿ ನೋಡಿ. ಖಂಡಿತ ಆಗುವುದಿಲ್ಲ! ಯಾವುದೋ ಲೈಬ್ರರಿ ಇರುವುದಿಲ್ಲ, ಯಾವುದೋ ಎನ್ವಿರಾನ್‌ಮೆಂಟ್ ವೇರಿಯಬಲ್ (ಕೋಡ್‌ನ ಹೊರಗೆ ಇಟ್ಟ ಸೆಟ್ಟಿಂಗ್) ಆ ಲ್ಯಾಪ್‌ಟಾಪ್‌ನಲ್ಲೇ ಉಳಿದಿರುತ್ತದೆ. ಒಂದೊಂದನ್ನೇ ಸರಿ ಮಾಡುತ್ತಾ ಎಲ್ಲವನ್ನೂ ಒಂದೇ ಸ್ಕ್ರಿಪ್ಟ್‌ಗೆ ಹಾಕಿ. ಅರ್ಧಕ್ಕಿಂತ ಜಾಸ್ತಿ ಕೆಲಸ ಇಲ್ಲೇ ಮುಗಿಯುತ್ತದೆ. ಸಿಐ ಆ ಸ್ಕ್ರಿಪ್ಟನ್ನು ಕರೆದರೆ ಸಾಕು. ಎಲ್ಲವನ್ನೂ ಸಿಐಯ ಯಾಮಲ್ (YAML) ಸೆಟ್ಟಿಂಗ್ ಫೈಲ್‌ನಲ್ಲೇ ಬರೆದರೆ ಒಂದು ಕೊಲನ್ ಸರಿ ಮಾಡಲಿಕ್ಕೂ ಪುಶ್ ಮಾಡಿ ಕಾಯಬೇಕು.

ಬ್ಯಾಶ್ ಸ್ಕ್ರಿಪ್ಟ್ ಆದರೆ ಮೇಲ್ಗಡೆ 'ಸೆಟ್ -ಇ' (set -e) ಇರಲಿ. ಇಲ್ಲದಿದ್ದರೆ ನಡುವಿನ ಕಮಾಂಡ್ ಬಿದ್ದರೂ ಸ್ಕ್ರಿಪ್ಟ್ ಮುಂದೆ ಓಡುತ್ತದೆ, ಕೊನೆಯ ಕಮಾಂಡ್ ಗೆದ್ದರೆ ಹಸಿರು ತೋರಿಸುತ್ತದೆ. ಸುಳ್ಳು ಹಸಿರಿಗಿಂತ ಸಿಐ ಇಲ್ಲದಿರುವುದೇ ಮೇಲು. ನೋಡ್ ಪ್ರಾಜೆಕ್ಟ್ ಆದರೆ 'ಎನ್‌ಪಿಎಂ ಇನ್‌ಸ್ಟಾಲ್' ಬದಲು 'ಎನ್‌ಪಿಎಂ ಸಿಐ' (npm ci) ಬಳಸಿ. ಅದು ಲಾಕ್ ಫೈಲ್‌ನಲ್ಲಿ ಬರೆದಿಟ್ಟ ಲೈಬ್ರರಿ ವರ್ಷನ್‌ಗಳನ್ನೇ ಹಾಕುತ್ತದೆ.

ನನ್ನದೇ ಒಂದು ಕಥೆ. ಮ್ಯಾಕ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಕೋಡ್ ಸಿಐಯಲ್ಲಿ 'ಫೈಲ್ ಇಲ್ಲ' ಅಂದಿತು. ಫೈಲ್ ಕಣ್ಣೆದುರಿಗೇ ಇದೆ! ಅರ್ಧ ದಿನ ಹೋದ ಮೇಲೆ ಗೊತ್ತಾಯಿತು: ಫೈಲ್ ಹೆಸರು ದೊಡ್ಡ 'ಎಚ್'ನಿಂದ ಶುರು, ಇಂಪೋರ್ಟ್‌ನಲ್ಲಿ ಇದ್ದದ್ದು ಸಣ್ಣ 'ಎಚ್'. ಮ್ಯಾಕ್ ಸಾಮಾನ್ಯವಾಗಿ ಆ ವ್ಯತ್ಯಾಸ ನೋಡುವುದಿಲ್ಲ, ಲಿನಕ್ಸ್ ನೋಡುತ್ತದೆ. ನಮ್ಮ ಸರ್ವರ್ ಕೂಡ ಲಿನಕ್ಸೇ. ಒಂದೂ ಟೆಸ್ಟ್ ಇಲ್ಲದೆ ಸಿಕ್ಕ ಬಗ್ ಅದು.

ಇನ್ನು ಟೆಸ್ಟ್. ಪ್ರೋಗ್ರಾಂ ಶುರುವಾಗುತ್ತದಾ ಅಂತ ನೋಡುವ ಒಂದೇ ಟೆಸ್ಟ್ ಸದ್ಯಕ್ಕೆ ಸಾಕು. ಆಮೇಲೆ ಬಗ್ ಸರಿ ಮಾಡಿದಾಗಲೆಲ್ಲ ಅದಕ್ಕೊಂದು ಟೆಸ್ಟ್ ಸೇರಿಸುತ್ತಾ ಹೋಗಿ. ಲಿಂಟ್ (ಕೋಡ್ ಓದಿ ತಪ್ಪು ತೋರಿಸುವ ಟೂಲ್) ಹಾಕಿ ಸಾವಿರಾರು ಹಳೇ ವಾರ್ನಿಂಗ್‌ಗಳ ಮೇಲೆ ಈಗಲೇ ಯುದ್ಧಕ್ಕೆ ಹೋಗಬೇಡಿ.

ಇದನ್ನೆಲ್ಲ ಸರಿ ಮಾಡುವಾಗ ಕೋಡ್‌ನಲ್ಲಿ ಪಾಸ್‌ವರ್ಡ್ ಸಿಕ್ಕರೆ, ಹಳೇ ಪ್ರಾಜೆಕ್ಟ್ ಅಂದಮೇಲೆ ಸಿಗುತ್ತದೆ ಬಿಡಿ, ಅದನ್ನು ಸಿಐಯ ಸೀಕ್ರೆಟ್ಸ್‌ಗೆ (ಗುಟ್ಟಿನ ಮಾಹಿತಿ ಇಡುವ ಜಾಗ) ಸಾಗಿಸಿ. ಅಳಿಸಿದರೂ ಗಿಟ್ ಹಿಸ್ಟರಿಯಲ್ಲಿ ಉಳಿದಿರುತ್ತದೆ, ಹಾಗಾಗಿ ಪಾಸ್‌ವರ್ಡನ್ನೇ ಬದಲಾಯಿಸಿ.

'ಕೆಂಪಿದ್ದರೆ ಮರ್ಜ್ ಇಲ್ಲ' (ಮುಖ್ಯ ಕೋಡ್‌ಗೆ ಸೇರಿಸುವಂತಿಲ್ಲ) ಅನ್ನುವ ಬೀಗ ಮೊದಲ ದಿನವೇ ಹಾಕಬೇಡಿ. ಎರಡು ವಾರ ಸುಮ್ನೆ ಬಣ್ಣ ತೋರಿಸಲಿ. ಕಾರಣವಿಲ್ಲದೆ ಕೆಂಪಾಗುವುದು ನಿಂತ ಮೇಲೆ ಬೀಗ ಹಾಕಿ.